ಖಾರದ ಹರಕೆ

ಮೊದಲು ನೀವು ರುಚಿ ನೋಡಿ, ಖಾರ ಅನ್ನಿಸಿದರೆ ಒಂದು ಚಮಚ ತುಪ್ಪ ಹಾಕಿ, ಆಮೇಲೆ ಪಾಪುಗೆ ತಿನ್ನಿಸಿ ಎಂದು ಹೇಳಿ ಹಂಸ ಗೇಟು ಎಳೆದುಕೊಂಡು ಹೋದ ಮೇಲೂ ಕೆಂಪರಾಜ್ ನಡುಮನೆಯಲ್ಲಿ ನಿಂತೇ ಇದ್ದ. ಅವಳು ಬೇಕೆಂದೇ ಹಾಗೆ ಹೇಳಿದಳೋ, ಮರೆತು ಹೇಳಿದಳೋ ಅವನಿಗೆ ತಿಳಿಯಲಿಲ್ಲ. ಮೇಲಿನ ಮನೆಯ ಸಾಬಿರಾ ಜೊತೆ ಕಮರ್ಷಿಯಲ್ ಸ್ಟ್ರೀಟಿಗೆ ಹೊರಟ ಆತುರದಲ್ಲಿ, ಸೀರೆಗೆ ಹೊಂದುವ ರವಿಕೆ ಬಟ್ಟೆಯ ಯೋಚನೆಯಲ್ಲಿ, ಒಂದು ಕಾಲನ್ನು ಚಪ್ಪಲಿಯೊಳಗೆ ತೂರಿಸುತ್ತ ಹೇಳಿದ ಮಾತು ಅದು. ಮುಖದಲ್ಲಿ ನಗು ಇರಲಿಲ್ಲ. ನಗು ಇಲ್ಲದ್ದೇ ಅವನನ್ನು ಹೆಚ್ಚು ಕಾಡಿತು. ಮದುವೆಯಾಗಿ ಬಂದಾಗಿನಿಂದ ದಿನವೂ ಸಾರಿಗೆ ಮಸಾಲೆ ಬೀಳುವ ಮುಂಚೆ ಬೆಂದ ಬೇಳೆಯನ್ನೋ ಕಾಳನ್ನೋ ಚಿಕ್ಕ ಪಾತ್ರೆಗೆ ಎತ್ತಿಟ್ಟು, ಬರೀ ಉಪ್ಪು ಹಾಕಿ, ಇದು ನಿಮ್ಮದು ಎಂದು ಒಲೆಯ ಪಕ್ಕಕ್ಕೆ ಸರಿಸುವವಳು ಅವಳೇ. ಅಂಥವಳು ಗಂಡನ ನಾಲಿಗೆಯನ್ನು ಮರೆಯುವುದುಂಟೆ? ಮೂವತ್ತನಾಲ್ಕು ವರ್ಷದ ಗಂಡಸು, ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಇಲ್ಲಿ ಕಣ್ಣೊರೆಸಿಕೊಳ್ಳುವವನು, ಅವನಿಗೆ ಖಾರ ನೋಡುವ ಕೆಲಸ. ಕುರುಡನ ಕೈಗೆ ಕನ್ನಡಿ ಕೊಟ್ಟು ಬೈತಲೆ ನೆಟ್ಟಗಿದೆಯಾ ನೋಡಪ್ಪ ಎಂದ ಹಾಗಾಯಿತು ಎಂದುಕೊಂಡು ತನಗೆ ತಾನೇ ನಕ್ಕ. ಚಾಪೆಯ ಮೇಲೆ ಕೂತಿದ್ದ ಮಗಳು ದಿವ್ಯ, ಅಪ್ಪ ನಕ್ಕದ್ದು ತನಗಾಗಿಯೇ ಎಂದು ತಿಳಿದು, ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಬಡಿದಳು. ಅವಳಿಗೆ ಆಗಿನ್ನೂ ಒಂಬತ್ತು ತಿಂಗಳು.

ಮನೆಯ ತುಂಬ ಅವರೆಕಾಯಿಯ ವಾಸನೆ. ಹಿಂದಿನ ಸಂಜೆ ಹಂಸ, ಅಮ್ಮ, ಸಾಬಿರಾ ಮೂವರೂ ಮೊರದ ಸುತ್ತ ಕೂತು, ನೆನೆಸಿದ ಅವರೆಕಾಳನ್ನು ಬೆರಳಲ್ಲಿ ಹಿತುಕಿ ಸಿಪ್ಪೆ ಚಿಮ್ಮಿಸುತ್ತ, ಮರ್ಫಿ ಟೌನಿನ ಸಮಸ್ತ ಸಂಸಾರಗಳ ಸಿಪ್ಪೆಯನ್ನೂ ಅದರ ಜೊತೆಗೇ ಸುಲಿದಿದ್ದರು. ಆ ಹಿತಕಿದ ಬೇಳೆಯ ಸಾರು ಈಗ ಒಲೆಯ ಮೇಲಿತ್ತು. ಡಬ್ಬಿಯಲ್ಲಿ ಬಿಸಿ ಮುದ್ದೆ. ಚಿಕ್ಕ ಪಾತ್ರೆಯಲ್ಲಿ ಅವನ ಸಪ್ಪೆ ಬೇಳೆ. ಎಲ್ಲವೂ ಸರಿಯಾಗಿಯೇ ಇತ್ತು, ಭಾನುವಾರ ಇರಬೇಕಾದ ಹಾಗೆಯೇ. ಆದರೆ ಹಂಸನಿಗೆ ಗೊತ್ತಿಲ್ಲದ ಒಂದು ವಿಷಯ ಅವನ ಹೊಟ್ಟೆಯಲ್ಲಿ ತಿಂಗಳುಗಟ್ಟಲೆಯಿಂದ ಅರಗದೆ ಕೂತಿತ್ತು. ಮಗು ಹುಟ್ಟಿದಾಗ ಬೊಗಸೆಯಷ್ಟೇ ಇತ್ತು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಅದು ಮಲಗಿದ್ದ ದಿನಗಳಲ್ಲಿ ಅವನ ತಾಯಿ ಪಟಾಲಮ್ಮ, ಮುನೇಶ್ವರನ ಗುಡಿಗೆ ಹೋಗಿ, ಮಗು ಉಳಿದರೆ ಮುಡಿ ಕೊಡುವ ತನಕ ಅದರ ನಾಲಿಗೆಗೆ ಖಾರ ಮುಟ್ಟಿಸುವುದಿಲ್ಲ ಎಂದು ಹರಕೆ ಹೊತ್ತು ಬಂದಿದ್ದಳು. 'ನಿನ್ ಹೆಂಡ್ತಿಗೆ ನೀನೇ ಹೇಳು ಕೆಂಪ. ನಾನ್ ಹೇಳಿದ್ರೆ ಅತ್ತೆ ಕಾಟ ಅಂದ್ಕೋತಾಳೆ' ಎಂದಿದ್ದಳು. ಅವನು ಹೂಂ ಎಂದಿದ್ದ. ಹೇಳಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಲೇ ಮಗುವಿಗೆ ಆರು ತಿಂಗಳಾಗಿತ್ತು, ಏಳಾಗಿತ್ತು. ಈಚೆಗೆ ಅವನು ಕಾರ್ಖಾನೆಗೆ ಹೋದ ಮೇಲೆ ಹಂಸ ಮಗುವಿಗೆ ಏನು ತಿನ್ನಿಸುತ್ತಾಳೆ ಎಂದು ಕೇಳುವ ಧೈರ್ಯವೂ ಉಳಿದಿರಲಿಲ್ಲ. ಕೇಳಿದರೆ ಹೇಳಬೇಕಾಗುತ್ತದಲ್ಲ. ಈವತ್ತು ಹೆಂಡತಿಯ ಅಪ್ಪಣೆ ಒಂದು, ಅಮ್ಮನ ಹರಕೆ ಒಂದು, ನಡುವೆ ಸೌಟು ಹಿಡಿದ ಮಗು. ಅಮ್ಮ ಬೆಳಗ್ಗೆಯೇ ದೊಮ್ಮಲೂರಿನ ತಮ್ಮನ ಮನೆಗೆ ಹೋಗಿದ್ದಳು. ಬರುವುದು ಮಧ್ಯಾಹ್ನವಾಗುತ್ತದೆ.

ಆ ತಮ್ಮ, ಅಂದರೆ ಕೆಂಪರಾಜನ ಸೋದರಮಾವ ವೆಂಕಟಸ್ವಾಮಿ, ಈಗ ಮುದುಕನಾಗಿ ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡು ಸಾಧುವಾಗಿ ಕೂತಿದ್ದಾನೆ. ಆದರೆ ಅವನ ಹೆಸರು ಕಿವಿಗೆ ಬಿದ್ದರೆ ಕೆಂಪರಾಜನ ನಾಲಿಗೆ ಇವತ್ತಿಗೂ ಉರಿಯುತ್ತದೆ. ಇವನಿಗಿಂತ ಮೊದಲು ಹುಟ್ಟಿದ್ದ ಹೆಣ್ಣುಮಗು, ಯಾರದೋ ಮನೆಯ ಬಾಡೂಟದಲ್ಲಿ ಒಂದು ತುತ್ತು ಸಾರನ್ನ ತಿಂದು ವಾಂತಿಭೇದಿಯಾಗಿ ಹೋಯಿತಂತೆ. ನೀರು ಕೆಟ್ಟಿತ್ತೋ ಏನೋ. ಅಮ್ಮ ಮಾತ್ರ ಖಾರವೇ ಕೊಂದಿತು ಎಂದು ನಂಬಿದಳು. ಇವನು ಹುಟ್ಟಿದಾಗ ಇದೇ ಹರಕೆ, ಇದೇ ಮುನೇಶ್ವರ. ಮುಡಿಯನ್ನು ಒಂದು ವರ್ಷದೊಳಗೆ ಕೊಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಮುಡಿ ತೆಗೆಯುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಕೂದಲು ಅವನೇ ಕತ್ತರಿಸಬೇಕು. ಅಷ್ಟು ಹೊತ್ತಿಗೆ ಇಂದಿರಾನಗರದ ಬಡಾವಣೆಗೆಂದು ಹೋಗಲಿದ್ದ ಜಮೀನಿನ ವಿಚಾರದಲ್ಲಿ ಅಪ್ಪ ಬೈಲಪ್ಪನಿಗೂ ಮಾವನಿಗೂ ಮಾತು ನಿಂತುಹೋಗಿತ್ತು. ಅವನೇ ಬಂದು ಕೇಳಲಿ ಎಂದು ಅಪ್ಪ. ಅವರೇ ಬಂದು ಕರೆಯಲಿ ಎಂದು ಮಾವ. ಅಮ್ಮ ಇಬ್ಬರ ನಡುವೆ ಅತ್ತಳು, ಕರೆದಳು, ಕೊನೆಗೆ ಸುಮ್ಮನಾದಳು. ಹರಕೆಯನ್ನು ಮಾತ್ರ ಬಿಡಲಿಲ್ಲ. ಹೀಗೆ ಇಬ್ಬರು ಗಂಡಸರ ಬಿಗುಮಾನದಲ್ಲಿ ಒಂದು ಹುಡುಗನ ಜಡೆ ಬೆನ್ನಿನ ತನಕ ಬೆಳೆಯಿತು, ನಾಲಿಗೆ ಹಾಲನ್ನದಲ್ಲೇ ಉಳಿಯಿತು. ಶಾಲೆಗೆ ಜಡೆ ಹಾಕಿಕೊಂಡು ಹೋದ. ಊಟದ ಡಬ್ಬಿಯಲ್ಲಿ ಮೊಸರನ್ನ ತಗೊಂಡು ಹೋದ. ಎಂಟನೆಯ ವರ್ಷದಲ್ಲಿ ಯಾರೋ ಹಿರಿಯರು ರಾಜಿ ಮಾಡಿಸಿ ಮುಡಿ ಆಯಿತು. ಅವತ್ತು ಬೋಳುತಲೆಗೆ ಗಂಧ ಬಳಿದುಕೊಂಡು ಪಂಕ್ತಿಯಲ್ಲಿ ಕೂತವನಿಗೆ ಮಾವ ತಾನೇ ಎದ್ದು ಬಂದು ಕುರಿ ಸಾರು ಬಡಿಸಿದ. ಮೊದಲ ತುತ್ತಿಗೇ ಇವನು ಚೀರಿದ ಚೀರಾಟಕ್ಕೆ ತಮಟೆಯವರು ಬಾರಿಸುವುದನ್ನು ನಿಲ್ಲಿಸಿ ನೋಡಿದರು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ಇಬ್ಬರು ಗಂಡಸರು ಮತ್ತೆ ಮಾತಾಡಿದ್ದೇ ಆ ನಗುವಿನಲ್ಲಿ.

ಅವತ್ತಿನಿಂದ ಅಮ್ಮ ಊಟಕ್ಕೆ ಕೂತಾಗಲೆಲ್ಲ ಒಂದು ಬಟ್ಟಲಲ್ಲಿ ನೀರಿಟ್ಟುಕೊಂಡು, ಸಾರಿನೊಳಗಿನ ತುಂಡುಗಳನ್ನು ಒಂದೊಂದಾಗಿ ಅದರಲ್ಲಿ ಅದ್ದಿ ತೊಳೆದು ಇವನ ತಟ್ಟೆಗೆ ಹಾಕುವಳು. ಆ ನೀರನ್ನು ಚೆಲ್ಲುತ್ತಿರಲಿಲ್ಲ, ತನ್ನ ಅನ್ನಕ್ಕೆ ಸುರಿದುಕೊಳ್ಳುತ್ತಿದ್ದಳು. ಮದುವೆ ಮನೆಗಳಲ್ಲೂ ಹಾಗೆಯೇ, ಎಲೆಯ ಮುಂದೆ ಎಲ್ಲರೆದುರಿಗೆ. ಅವಳಿಗೆ ಅದರಲ್ಲಿ ನಾಚಿಕೆ ಕಾಣುತ್ತಿರಲಿಲ್ಲ. ಇವನಿಗೆ ಮೀಸೆ ಬಂದ ಮೇಲೂ ಕಾಣಲಿಲ್ಲ. ಹರಕೆಯ ಬಗ್ಗೆ ಇವನು ಒಮ್ಮೆ ರೇಗಿದಾಗ ಅವಳು, 'ಬದುಕಿದ್ದೀಯಲ್ಲ, ಇನ್ನೇನ್ ಬೇಕು?' ಎಂದಿದ್ದಳು. ಬದುಕಿರುವುದಂತೂ ನಿಜ.

ದಿವ್ಯ ಸೌಟು ಬಿಸಾಡಿ ಅಳಲು ಶುರು ಮಾಡಿದ್ದಳು. ಹಸಿವಿನ ಅಳು, ಅದು ಅವನಿಗೆ ಗೊತ್ತು. ಸೊಂಟಕ್ಕೆ ಎತ್ತಿಕೊಂಡು ಅಡುಗೆಮನೆಗೆ ಹೋದ. ಸುರಕ್ಷಿತವಾದ ದಾರಿ ಮೊದಲು ಎಂದು, ತನ್ನ ಚಿಕ್ಕ ಪಾತ್ರೆಯ ಸಪ್ಪೆ ಬೇಳೆಯನ್ನು ಅನ್ನದ ಜೊತೆ ನುಣ್ಣಗೆ ಕಿವುಚಿ ಬಾಯಿಗಿಟ್ಟ. ಅವಳು ಬಾಯಿ ಮುಚ್ಚಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ನಾಲಿಗೆಯಿಂದ ತುತ್ತನ್ನು ಮೆಲ್ಲಗೆ ಹೊರಕ್ಕೆ ತಳ್ಳಿದಳು. ಗಲ್ಲದ ಮೇಲೆ ಇಳಿದದ್ದನ್ನು ಒರೆಸಿ ಮತ್ತೆ ಇಟ್ಟ. ಮತ್ತೆ ತಳ್ಳಿದಳು. ಅಮ್ಮ ಬೀಸಿಟ್ಟಿದ್ದ ರಾಗಿ ಹಿಟ್ಟಿನಲ್ಲಿ ಸರಿ ಕಾಯಿಸಿ ಬೆಲ್ಲ ಹಾಕಿ ತಂದ. ಅದನ್ನು ಉಫ್ ಎಂದು ಅವನ ಬನಿಯನ್ನಿನ ಮೇಲೆ ಊದಿದಳು. ಅವಳ ಕಣ್ಣು ಒಲೆಯ ಮೇಲಿನ ದೊಡ್ಡ ಪಾತ್ರೆಯ ಮೇಲಿತ್ತು. ಅದರ ಕಡೆಗೆ ಇಡೀ ಮೈಯನ್ನೇ ಬಿಲ್ಲಿನ ಹಾಗೆ ಬಗ್ಗಿಸಿ, ಎರಡೂ ಕೈ ಚಾಚಿ, ಹ್ಞಾ ಹ್ಞಾ ಎಂದು ಕೂಗಿದಳು. ಕೆಂಪರಾಜ್ ಆ ಚಾಚಿದ ಕೈಗಳನ್ನೇ ನೋಡಿದ. ಈ ಕೈ ಆ ಪಾತ್ರೆಯನ್ನು ಬಲ್ಲದು. ಇದು ಹೊಸ ಆಸೆಯಲ್ಲ, ಹಳೆಯ ಅಭ್ಯಾಸ. ಹಂಸ ಸುಮ್ಮನೆ ಪಾಪುಗೆ ನಮ್ಮ ಊಟ ಕೊಡಿ ಎಂದಿರಲಿಲ್ಲ, ದಿನವೂ ಕೊಡುವುದನ್ನೇ ಕೊಡಿ ಎಂದಿದ್ದಳು. ಹರಕೆ ಯಾವಾಗಲೋ ಮುರಿದುಹೋಗಿದೆ. ಮುರಿದವಳಿಗೆ ಹರಕೆ ಇದ್ದದ್ದೇ ಗೊತ್ತಿಲ್ಲ. ಗೊತ್ತಿದ್ದವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ಪಾಪ ಬಂದರೆ ಯಾರ ತಲೆಗೆ ಬರಬೇಕು ಎಂದು ಯೋಚಿಸಿ, ತನ್ನ ತಲೆಗೇ ಬರಲಿ ಎಂದುಕೊಂಡ. ಹಾಗೆ ಅಂದುಕೊಂಡರೂ ಭಯ ಹೋಗಲಿಲ್ಲ. ಮಗುವಿನ ಹಣೆ ಮುಟ್ಟಿ ನೋಡಿದ. ಬಿಸಿಯಿರಲಿಲ್ಲ. ತೊಡೆ ಮುಟ್ಟಿ ನೋಡಿದ. ಗಾಜಿನ ಪೆಟ್ಟಿಗೆಯ ಆ ಕಡ್ಡಿಯಂಥ ಕಾಲಿನ ಜಾಗದಲ್ಲಿ ಈಗ ಎರಡು ಮಡಿಕೆ.

ವಿಮಾನಪುರದ ಕಾರ್ಖಾನೆಯಲ್ಲಿ ಅವನದು ಬಿಡಿಭಾಗಗಳ ಅಳತೆ ನೋಡುವ ಕೆಲಸ. ಕೂದಲಿಗಿಂತ ಸಣ್ಣ ವ್ಯತ್ಯಾಸವಿದ್ದರೂ ಹಿಡಿದು, ಇದು ಆಗುವುದಿಲ್ಲ ಎಂದು ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುತ್ತಾನೆ. ಅವನು ಪಾಸು ಮಾಡಿದ್ದನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಅದೇ ಮನುಷ್ಯ ಕ್ಯಾಂಟೀನಿನಲ್ಲಿ ಸಾಂಬಾರಿನ ಬಕೆಟ್ಟು ಬಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಾನೆ. 'ಉಪ್ಪು ಹುಳಿ ಖಾರ ತಿನ್ನೋ ಮನುಷ್ಯನೇನೋ ಮಗಾ ನೀನು?' ಎಂದು ಪಕ್ಕದ ಬೆಂಚಿನ ನಜೀರ್ ದಿನವೂ ಕೇಳುತ್ತಾನೆ. ಕೋಪದಿಂದಲ್ಲ, ಪ್ರೀತಿಯಿಂದಲೇ. ಪ್ರೀತಿಯಿಂದ ಚುಚ್ಚಿದ ಮುಳ್ಳಿಗೆ ನೋವಿಲ್ಲ ಎಂದವರು ಯಾರು? ಒಂದು ಹಬ್ಬಕ್ಕೆ ನಜೀರ್ ಅವನನ್ನು ಫ್ರೇಜರ್ ಟೌನಿನ ತನ್ನ ಮನೆಗೆ ಕರೆದುಕೊಂಡು ಹೋಗಿದ್ದ. ಅಗಲವಾದ ಒಂದೇ ತಾಟು, ನಡುವೆ ಬಿರಿಯಾನಿಯ ಗುಡ್ಡ, ಸುತ್ತ ಆರೇಳು ಕೈ. ಕೆಂಪರಾಜ್ ಮಸಾಲೆ ಸೋಕದ ಬಿಳಿ ಅಗುಳುಗಳನ್ನು ಹುಡುಕಿ ಹುಡುಕಿ ಎತ್ತುತ್ತಿದ್ದ, ಯಾರೂ ನೋಡುತ್ತಿಲ್ಲ ಎಂದುಕೊಂಡು. ನಜೀರನ ತಾಯಿ ಉಮ್ಮೆ ಕುಲ್ಸುಂ, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಾಟಿನ ಅಂಚಿನಿಂದ ಎರಡು ಬೆರಳಲ್ಲಿ ಅನ್ನ ಹಿಸುಕಿ ಮಗುವಿನ ಬಾಯಿಗಿಡುತ್ತಿದ್ದರು. ಇವನು ಬೆರಗಿನಿಂದ ನೋಡಿದ್ದನ್ನು ಕಂಡು, 'ನಮ್ ಮನೇಲಿ ಬಚ್ಚೇಕು ಅಲಗ್ ಪಕಾನಾ ನೈ ಬೇಟಾ. ಮಗೂಗೆ ಬೇರೆ ಅಡುಗೆ ಇಲ್ಲ, ಎಲ್ಲಾರೂ ತಿನ್ನೋದೇ ಅದೂ ತಿನ್ನುತ್ತೆ' ಎಂದರು. ಆ ಮಗುವಿಗೆ ಹಲ್ಲೂ ಸರಿಯಾಗಿ ಬಂದಿರಲಿಲ್ಲ. ತುಟಿ ಕೆಂಪಾಗಿತ್ತು, ಮೂಗು ಸೋರುತ್ತಿತ್ತು, ಮುಖದಲ್ಲಿ ಮಹಾರಾಜನ ಕಳೆ. ಅವತ್ತು ಕೆಂಪರಾಜ್ ಆ ಮಗುವಿನ ಮೇಲೆ ಹೊಟ್ಟೆಕಿಚ್ಚು ಪಟ್ಟ. ಖಾರಕ್ಕಲ್ಲ, ಆ ಜಾಗಕ್ಕೆ. ಎಲ್ಲರ ಕೈ ಹೋಗುವ ಕಡೆಗೆ ಅದರ ಕೈಯೂ ಹೋಗುತ್ತಿತ್ತಲ್ಲ, ಅದಕ್ಕೆ.

ತಟ್ಟೆಗೆ ಅರ್ಧ ಮುದ್ದೆ ಮುರಿದು ಹಾಕಿದ. ಅದರ ಮೇಲೆ ಸಾರು, ಬೆಣ್ಣೆಯ ಹಾಗೆ ಬೆಂದ ಬೇಳೆ. ಕಿವುಚಿದ. ಮೊದಲು ನೀವು ರುಚಿ ನೋಡಿ. ಕಿರುಬೆರಳು ಅದ್ದಿ ನಾಲಿಗೆಯ ತುದಿಗೆ ಮುಟ್ಟಿಸಿದ. ಕಿವಿಯ ತನಕ ಬೆಂಕಿ. ಒಂದು ಚಮಚ ತುಪ್ಪ ಹಾಕಿ ಕಲಸಿ ಮತ್ತೆ ಮುಟ್ಟಿಸಿದ, ಮತ್ತೆ ಬೆಂಕಿ. ಇನ್ನೊಂದು ಚಮಚ. ಮುದ್ದೆ ತುಪ್ಪದಲ್ಲಿ ತೇಲಾಡಿತೇ ಹೊರತು ಅವನ ನಾಲಿಗೆ ಪಾಸು ಮಾಡಲಿಲ್ಲ. ಇದು ಖಾರವೋ, ಖಾರ ಎನ್ನುವುದು ತನ್ನೊಳಗೇ ಇರುವ ಭಯವೋ, ಬೇರೆ ಮಾಡಿ ನೋಡುವ ಉಪಾಯ ಅವನಿಗೆ ತಿಳಿದಿರಲಿಲ್ಲ. ಕೈ ತಾನಾಗಿ ಶೆಲ್ಫಿನ ಮೇಲಿನ ಬಟ್ಟಲಿನ ಕಡೆಗೆ ಹೋಯಿತು. ಬೇಳೆಯನ್ನು ನೀರಿನಲ್ಲಿ ತೊಳೆದುಬಿಟ್ಟರೆ ಆಯಿತು. ಹರಕೆಯೂ ಅರ್ಧ ಉಳಿಯುತ್ತದೆ, ಹಂಸನ ಮಾತೂ ಅರ್ಧ ಉಳಿಯುತ್ತದೆ. ಬಟ್ಟಲಿಗೆ ನೀರು ಹಿಡಿದ. ಒಂದು ಚಿಟಿಕೆ ಬೇಳೆ ಎತ್ತಿ ಅದ್ದಿದ. ಹಳದಿ ಎಣ್ಣೆ ಬಿಟ್ಟುಕೊಂಡು ಬೇಳೆ ಬೆಳ್ಳಗಾಗಿ ಮೇಲೆ ಬಂತು. ಆ ಬಿಳುಪು ನೋಡಿದ್ದೇ ತಡ ಅವನಿಗೆ ಮೈಯೆಲ್ಲ ಹೇಸಿಗೆಯಾಯಿತು. ಇದು ಅವನಿಗೆ ತೀರ ಪರಿಚಯದ ಬಿಳುಪು. ಇವತ್ತು ಒಂದು ಬೇಳೆ ತೊಳೆದರೆ ನಾಳೆ ತುಂಡು ತೊಳೆಯಬೇಕು. ಇವಳು ಶಾಲೆಗೆ ಮೊಸರನ್ನ ತಗೊಂಡು ಹೋಗುತ್ತಾಳೆ. ಗೆಳತಿಯರ ಮನೆಯಲ್ಲಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಾಳೆ. ಯಾರದೋ ಮನೆಯ ಸೊಸೆಯಾಗಿ ಹೋಗಿ ಮೊದಲ ದಿನವೇ ಕಣ್ಣಲ್ಲಿ ನೀರು ಹಾಕಿಕೊಂಡು ಪಂಕ್ತಿಯಲ್ಲಿ ಕೂರುತ್ತಾಳೆ. ನೀರನ್ನು ಬಚ್ಚಲಿಗೆ ಚೆಲ್ಲಿದ.

ಪಂಕ್ತಿಯಲ್ಲಿ ಕೂರುವುದು ಎಂದಾಗ ಅವನಿಗೆ ಕೆ.ಆರ್. ಪುರದಲ್ಲಿ ಹಂಸನ ತವರುಮನೆಯ ಆ ಮಧ್ಯಾಹ್ನ ನೆನಪಾಗದೆ ಇರಲಿಲ್ಲ. ಮದುವೆಯಾದ ಮೇಲಿನ ಮೊದಲ ಊಟ. ಹಂಸನ ತಮ್ಮ ಸುನಿಲ, ಹೊಸ ಅಳಿಯನನ್ನು ಆಟ ಆಡಿಸುವುದು ತನ್ನ ಹಕ್ಕು ಎಂಬ ಉಮೇದಿನಲ್ಲಿ, ನಾಟಿಕೋಳಿ ಸಾರಿಗೆ ಹಸಿಮೆಣಸಿನಕಾಯಿ ಜಜ್ಜಿ ಬೆರೆಸಿ ಬಡಿಸಿದ್ದ. ಹುಡುಗನಿಗೆ ಇವನ ನಾಲಿಗೆಯ ವಿಚಾರ ಏನೂ ಗೊತ್ತಿರಲಿಲ್ಲ. ಎಲ್ಲ ಮನೆಗಳಲ್ಲೂ ಮಾಡುವ ತಮಾಷೆ ಅದು, ಬೇರೆ ಅಳಿಯನಾಗಿದ್ದರೆ ಒಂದು ಚೊಂಬು ನೀರು ಕುಡಿದು, ನಿನಗೊಂದು ದಿನ ಇದೆ ಮಗನೆ ಎಂದು ನಕ್ಕಿರುತ್ತಿದ್ದ. ಇವನಿಗೆ ಉಸಿರೇ ಸಿಕ್ಕಲಿಲ್ಲ. ಬಿಕ್ಕಳಿಕೆ, ಮೂಗು, ಕಣ್ಣು, ಎಲ್ಲ ಒಟ್ಟಿಗೆ ಹರಿಯಿತು. ಹೆಂಗಸರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. 'ಭಾವಂಗೆ ಫೀಡಿಂಗ್ ಬಾಟ್ಲಿ ತನ್ರೋ' ಎಂದ ಸುನಿಲ. ಎಲ್ಲರ ಜೊತೆ ಕೆಂಪರಾಜನೂ ನಕ್ಕ, ಮತ್ತು ಮನಸ್ಸಿನಲ್ಲೇ ಆ ಮನೆಯ ಬಾಗಿಲು ಹಾಕಿದ. ಆಮೇಲೆ ಆ ಕಡೆಗೆ ಹೋಗುವ ಮಾತು ಬಂದಾಗಲೆಲ್ಲ ಓವರ್‌ಟೈಮ್, ತಲೆನೋವು, ಬಸ್ಸಿನ ತೊಂದರೆ. ಮಗುವಿನ ಮುಡಿ ಯಾವಾಗ ಭಾವ ಎಂದು ಸುನಿಲ ಮನೆಗೇ ಬಂದು ಕೇಳಿದ್ದಾಗಲೂ, ನೋಡೋಣ ಬಿಡು, ಇನ್ನೂ ಟೈಮಿದೆ ಎಂದು ಪೇಪರು ಎತ್ತಿ ಹಿಡಿದಿದ್ದ.

ತಟ್ಟೆಯ ಮುಂದೆ ನೆಲದ ಮೇಲೆ ಕೂತು ಇದನ್ನೆಲ್ಲ ನೆನೆಯುತ್ತಿದ್ದವನ ಬೆನ್ನಿಗೆ ತಣ್ಣೀರು ಬಿದ್ದಂತಾಯಿತು. ಮುಡಿ ತೆಗೆಯುವಾಗ ದಿವ್ಯ ಕೂರಬೇಕಾದದ್ದು ಅದೇ ಸುನಿಲನ ತೊಡೆಯ ಮೇಲೆ. ಮುಡಿಯಾಗುವ ತನಕ ಹರಕೆ. ಹರಕೆ ತೀರುವ ತನಕ ಖಾರವಿಲ್ಲ. ಅಂದರೆ ಅಪ್ಪ ಬೈಲಪ್ಪ ಕೂತಿದ್ದ ಜಾಗದಲ್ಲಿ ಈಗ ತಾನು ಕೂತಿದ್ದೇನೆ, ಮೀಸೆಯ ಮೇಲೆ ಅದೇ ಕೈ ಇಟ್ಟುಕೊಂಡು. ಅಪ್ಪನಿಗೆ ಜಮೀನು ಎಂಬ ನೆಪವಾದರೂ ಇತ್ತು, ತನಗೆ ಇರುವುದು ಒಂದು ಬಟ್ಟಲು ಕೋಳಿ ಸಾರು. ಈ ಯೋಚನೆ ಎಷ್ಟು ಸರಳವಾಗಿತ್ತು ಎಂದರೆ, ಇಷ್ಟು ದಿನ ತನಗೆ ಹೊಳೆಯದೆ ಹೋದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಅವನು ತಲೆ ಎತ್ತುವಷ್ಟರಲ್ಲಿ ದಿವ್ಯ ಅವನ ತೊಡೆಯಿಂದ ಜಾರಿ, ಅಂಬೆಗಾಲಿಟ್ಟು, ಎರಡೂ ಕೈಯನ್ನು ತಟ್ಟೆಯಲ್ಲಿ ಊರಿಬಿಟ್ಟಿದ್ದಳು.

ತಡೆಯಬೇಕೆಂದು ಚಾಚಿದ ಕೈ ಅರ್ಧಕ್ಕೇ ನಿಂತಿತು. ಅವಳು ಒಂದು ಹಿಡಿ ಮುದ್ದೆಯನ್ನು ಬಾಯಿಗೆ ಒತ್ತಿಕೊಂಡಳು. ಅರ್ಧ ಒಳಗೆ, ಅರ್ಧ ಕೆನ್ನೆಗೆ. ನಾಲಿಗೆ ಹೊರಳಿತು. ಕಣ್ಣು ದೊಡ್ಡದಾಯಿತು. ಈಗ ಚೀರುತ್ತಾಳೆ, ಈಗ ಚೀರುತ್ತಾಳೆ ಎಂದು ಕೆಂಪರಾಜ್ ಉಸಿರು ಬಿಗಿಹಿಡಿದು ಕಾದ. ಅವಳು ತುಟಿ ಚಪ್ಪರಿಸಿದಳು. ಸ್ಸ್ ಎಂದು ಒಮ್ಮೆ ಗಾಳಿ ಎಳೆದುಕೊಂಡು, ಅದೇ ಒಂದು ಆಟವೆಂಬಂತೆ ಅವನ ಮುಖ ನೋಡಿ ಮತ್ತೆ ಎಳೆದುಕೊಂಡು, ಇನ್ನೊಂದು ಹಿಡಿ ತುಂಬಿಕೊಂಡಳು. ಮೂಗಿನ ತುದಿಯಲ್ಲಿ ತುಪ್ಪ ಹೊಳೆಯುತ್ತಿತ್ತು. ಬೆಳ್ಳುಳ್ಳಿ, ಕೊತ್ತಂಬರಿ, ಚಕ್ಕೆ, ಮೆಣಸಿನಕಾಯಿ, ಈ ಮನೆಯ ತಲೆಮಾರುಗಳ ಅಡುಗೆಯೆಲ್ಲ ಆ ಎರಡು ಹಲ್ಲಿನ ಬಾಯಿಯೊಳಗೆ ಸಲೀಸಾಗಿ ಇಳಿಯುತ್ತಿತ್ತು. ಅವನಿಗೆ ನಗು ಬಂತು. ಎಷ್ಟು ನಗು ಬಂತೆಂದರೆ, ಮೇಲಿನ ಮನೆಯಲ್ಲಿ ಯಾರಾದರೂ ಇದ್ದಿದ್ದರೆ ಇಳಿದು ಬಂದು ಕೇಳುತ್ತಿದ್ದರು. ಮಗಳೂ ನಕ್ಕಳು. ನಗುತ್ತಲೇ, ಮುಷ್ಟಿಯಲ್ಲಿ ಉಳಿದಿದ್ದ ಮುದ್ದೆಯನ್ನು ಅವನ ಬಾಯಿಗೆ ತಂದಳು. ಬೇಡ ಎನ್ನಲು ಬಾಯಿ ತೆರೆದದ್ದೇ ತಪ್ಪಾಯಿತು, ಅಥವಾ ಒಳ್ಳೆಯದಾಯಿತು. ಮುದ್ದೆ ಒಳಗೆ ಹೋಯಿತು. ನಾಲಿಗೆ ಉರಿಯಿತು, ಕಿವಿ ಉರಿಯಿತು. ಉಗುಳಬಹುದಿತ್ತು, ನೋಡುವವರು ಯಾರೂ ಇರಲಿಲ್ಲ. ಅವಳು ನೋಡುತ್ತಿದ್ದಳು. ನುಂಗಿದ. ಉರಿಯ ಹಿಂದಿನಿಂದ, ಬಹಳ ಹಿಂದಿನಿಂದ, ಅವರೆಯ ರುಚಿ ಬಂತು. ಇದಾ, ಎಂದುಕೊಂಡ. ಎಲ್ಲರೂ ಇಷ್ಟು ದಿನ ತಿನ್ನುತ್ತಿದ್ದದ್ದು ಇದಾ. ಅಪ್ಪನೂ ಮಗಳೂ ಒಂದೇ ತಟ್ಟೆಯಿಂದ, ಅವಳದು ಒಂದು ಹಿಡಿ, ಅವನದು ಒಂದು ಚೂರು, ನಡುನಡುವೆ ನೀರು ಕುಡಿಯುತ್ತ ತಿಂದರು.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಾಗಲಿಲ್ಲ. ಬಿಸಿಲಿನಿಂದ ಬಂದವಳ ಮುಖ ಬೆವರಿತ್ತು, ಕಂಕುಳಲ್ಲಿ ಚೀಲ. ಮೊಮ್ಮಗಳ ಹಳದಿ ಕೆನ್ನೆಯನ್ನೂ ಮಗನ ಕೆಂಪು ಕಣ್ಣನ್ನೂ ನೋಡಿದಳು.

'ಯಾರ್ ಕೊಟ್ಟಿದ್ದು?'

'ನಾನೇ ಅಮ್ಮ.'

'ಹಂಸಂಗೆ ಹೇಳೇ ಇಲ್ಲ ಅಲ್ವಾ ನೀನು, ಹರಕೆ ವಿಚಾರ?'

'ಇಲ್ಲ.'

ಬೈಗುಳ ಬರುತ್ತದೆ, ಅಳು ಬರುತ್ತದೆ, ಮುನೇಶ್ವರ ಬರುತ್ತಾನೆ ಎಂದು ಅವನು ತಲೆ ತಗ್ಗಿಸಿ ಕೂತ. ಪಟಾಲಮ್ಮ ಚೀಲ ಇಳಿಸಿ, ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡು ಬಂದು, ಗೋಡೆಗೆ ಒರಗಿ ಕೂತಳು.

'ನಂಗೊತ್ತಿತ್ತು ಬಿಡು. ಸಂಕ್ರಾಂತಿಗೆ ಮುಂಚೇನೇ ಮಗು ಬಾಯಲ್ಲಿ ಬೆಳ್ಳುಳ್ಳಿ ವಾಸ್ನೆ ಹೊಡೀತಿತ್ತು. ಎತ್ಕೊಂಡ್ರೆ ಗೊತ್ತಾಗಲ್ವಾ? ಅವತ್ತೇ ಅಂದ್ಕೊಂಡೆ, ನನ್ ಮಗ ಬಾಯಿ ಬಿಟ್ಟಿಲ್ಲ ಅಂತ. ಹಂಸನ್ ಮೇಲೆ ಕೂಗಾಡಿ ಏನ್ ಮಾಡ್ಲಿ. ಮಗು ಚೆನ್ನಾಗ್ ತಿಂತಿತ್ತು, ಮೈ ಹಿಡೀತಿತ್ತು.'

'ಮತ್ತೆ ಹರಕೆ?'

'ಅದನ್ನ ನಾನ್ ಹೊತ್ಕೊಂಡೆ. ಗುಡೀಗ್ ಹೋಗಿ ಹೇಳ್ಕೊಂಡ್ ಬಂದೆ. ಸ್ವಾಮಿ, ಮಗೂದು ತಪ್ಪಿಲ್ಲ, ಮುಡಿ ಆಗೋ ತನ್ಕ ಅದ್ರ್ ಬದ್ಲು ನಾನ್ ಮುಟ್ಟಲ್ಲ ಖಾರ ಅಂತ.'

ಕೆಂಪರಾಜ್ ಒಲೆಯ ಪಕ್ಕದ ತನ್ನ ಚಿಕ್ಕ ಪಾತ್ರೆಯ ಕಡೆಗೆ ನೋಡಿದ. ಈಚೆಗೆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಅವನ ಚಿಕ್ಕ ಪಾತ್ರೆಯಿಂದಲೇ ಬಡಿಸಿಕೊಳ್ಳುತ್ತಿದ್ದಳು. ಮುದ್ದೆಯ ಜೊತೆ ಹಸಿಮೆಣಸಿನಕಾಯಿಯನ್ನು ಸೌತೆಕಾಯಿಯ ಹಾಗೆ ಕಡಿಯುವ ಹೆಂಗಸು. ಏನಮ್ಮ ಎಂದು ಕೇಳಿದ್ದಕ್ಕೆ, ಹೊಟ್ಟೆ ಸರಿಯಿಲ್ಲ ಎಂದಿದ್ದಳು. ಅವನು ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದಷ್ಟೇ ಅಲ್ಲ, ಒಳಗೊಳಗೇ ಅವನಿಗೆ ಖುಷಿಯಾಗಿತ್ತು, ಪಂಕ್ತಿಯಲ್ಲಿ ತನಗೆ ಒಬ್ಬ ಜೊತೆಗಾತಿ ಸಿಕ್ಕಳು ಎಂದು. ಅಳತೆಯಲ್ಲಿ ಕೂದಲೆಳೆ ತಪ್ಪಿದರೂ ಹಿಡಿಯುವ ಕಣ್ಣು, ಪಕ್ಕದಲ್ಲೇ ಕೂತು ಸಪ್ಪೆ ನುಂಗುತ್ತಿದ್ದ ತಾಯಿಯನ್ನು ನೋಡಿರಲಿಲ್ಲ.

'ಬಾಯಿ ಸಪ್ಪೆ ಹೊಡೆದು ಸತ್ತೇ ಹೋಗಿದೆ ಕಣೋ' ಎಂದಳು ಅಮ್ಮ, ತಟ್ಟೆಯಲ್ಲಿ ಉಳಿದಿದ್ದ ಸಾರನ್ನೇ ನೋಡುತ್ತ. 'ಏನ್ ತಿಂದ್ರೂ ಒಂದೇ ಥರ. ಸಾರೂ ಅದೇ, ಮಾಂಸಾನೂ ಅದೇ. ನಿನ್ನ ಹಿಂಗೇ ಇಟ್ಟಿದ್ನಲ್ಲೋ ನಾನು, ಅಷ್ಟ್ ವರ್ಷ. ಹೆಂಗೋ ತಿಂದ್ಕೊಂಡ್ ಬಂದೆ ನೀನು?'

ಅವಳ ಕಣ್ಣಲ್ಲಿ ನೀರು ಬಂದಿತ್ತು. ಜೀವಮಾನದಲ್ಲಿ ಮೊದಲ ಸಲ ಅವಳು ಈ ಪ್ರಶ್ನೆ ಕೇಳಿದ್ದು. ಇದಕ್ಕಾಗಿ ಎಷ್ಟು ವರ್ಷ ಕಾದಿದ್ದೆ ಎಂದು ಅವನಿಗೆ ಆಗ ಗೊತ್ತಾಯಿತು. ಹೇಳಬೇಕೆಂದು ಕೂಡಿಟ್ಟಿದ್ದ ಮಾತುಗಳೆಲ್ಲ, ಕೇಳಿದ ಕೂಡಲೇ ಬೇಡವಾದವು. 'ಬದುಕಿದೀನಲ್ಲ ಅಮ್ಮ' ಎಂದ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ನಕ್ಕಳು. ದಿವ್ಯ ಅಜ್ಜಿಯ ಮಡಿಲಿಗೆ ತೆವಳಿ ಹೋಗಿ, ಸೀರೆಗೆ ಹಳದಿ ಕೈ ಒರೆಸಿದಳು.

ಕೆಂಪರಾಜ್ ಎದ್ದು ಎಡಗೈಯಲ್ಲಿ ಫೋನೆತ್ತಿದ. ಬಲಗೈ ಇನ್ನೂ ಎಂಜಲಾಗಿಯೇ ಇತ್ತು. ಕೆ.ಆರ್. ಪುರದ ನಂಬರು ಅವನಿಗೆ ಬಾಯಿಗೆ ಬರುತ್ತಿರಲಿಲ್ಲ, ಆ ಮನೆಗೆ ಅವನು ಫೋನು ಮಾಡಿದವನೇ ಅಲ್ಲ. ಹಂಸ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದನ್ನು ನೋಡಿಕೊಂಡು ಒತ್ತಿದ. ಆ ಕಡೆ ಗಂಟೆ ಹೊಡೆಯುವಷ್ಟೂ ಹೊತ್ತು, ಯಾರೂ ಎತ್ತದಿದ್ದರೆ ಒಳ್ಳೆಯದಿತ್ತು ಎಂದು ಒಂದು ಮನಸ್ಸು ಹೇಳುತ್ತಲೇ ಇತ್ತು. ಎತ್ತಿದ್ದು ಸುನಿಲನೇ, ನಾನು ಕಣಪ್ಪ ಎಂದ ಕೆಂಪರಾಜ್.

'ಭಾವ?' ಸುನಿಲನ ದನಿ ಗಾಬರಿಯಾಗಿತ್ತು. 'ಏನಾಯ್ತು ಭಾವ? ಅಕ್ಕ ಹುಷಾರಾಗಿದಾಳಾ? ಪಾಪು?'

ತಾನು ಫೋನು ಮಾಡಿದರೆ ಆ ಮನೆಯವರು ಹೆದರುವ ಹಾಗೆ ಮಾಡಿಟ್ಟಿದ್ದೇನೆ ಎಂದು ಅವನಿಗೆ ಚುರುಕ್ಕೆಂದಿತು. 'ಎಲ್ಲ ಚೆನ್ನಾಗಿದಾರೆ ಕಣಪ್ಪ. ಪಾಪು ಮುಡಿ ಇಟ್ಕೋಬೇಕು. ಈ ತಿಂಗಳೇ. ನೀನ್ ಬಂದು ತೊಡೆ ಮೇಲೆ ಕೂರಿಸ್ಕೋಬೇಕು.'

'ಯಾವತ್ತ್ ಹೇಳ್ತೀರೋ ಅವತ್ತು ಭಾವ. ನಾಳೆ ಅಂದ್ರೆ ನಾಳೆ. ಊಟ ಪೂರ್ತಿ ನಮ್ ಕಡೆಯಿಂದ. ಭಾವ, ಅವತ್ತು ನಾನ್ ಮಾಡಿದ್ದು... ನಿಮಗೆ ಬೇರೆ ಪಾತ್ರೇಲಿ ಖಾರ ಹಾಕ್ದೆ ನಾನೇ ನಿಂತ್ಕೊಂಡ್ ಮಾಡಿಸ್ತೀನಿ. ದೇವ್ರಾಣೆ ತಮಾಷೆ ಮಾಡಲ್ಲ.'

ಕೆಂಪರಾಜನ ತುಟಿ ಇನ್ನೂ ಉರಿಯುತ್ತಿತ್ತು. ಮೂಗು ಸೋರುತ್ತಿತ್ತು. ಚಾಪೆಯ ಕಡೆಗೆ ನೋಡಿದ. ದಿವ್ಯ ಅಜ್ಜಿಯ ಮಡಿಲಿನಿಂದ ಬಗ್ಗಿ, ತಟ್ಟೆಯ ಅಂಚನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು.

'ಬೇರೆ ಪಾತ್ರೆ ಬೇಡ ಸುನಿಲ. ಎಲ್ಲಾರ್ಗೂ ಮಾಡೋದೇ ನಂಗೂ ಬಡಿಸು.'

'ತಿಂತೀರಾ ಭಾವ?'

'ತಿನ್ನಲೇಬೇಕಲ್ಲಪ್ಪ. ಪಾಪು ನನ್ ತಟ್ಟೆಯಿಂದ್ಲೇ ತಿನ್ನೋದು.'